ಎರಡು ಊರಿನ ಕೆಂಪು

ಸಿರುಗುಪ್ಪದ ಆ ಬೀದಿದೀಪದ ಕಂಬದ ಕೆಳಗೆ ನಾನು ತಲೆಯೆತ್ತಿ ನಿಂತಿದ್ದೆ. ಈಗಲೂ ಹೊತ್ತಲ್ಲದ ಹೊತ್ತಿನಲ್ಲಿ, ಅನ್ನ ಬಡಿಸಿಕೊಳ್ಳುವಾಗ, ಬಸ್ಸಿನ ಕಂಬಿ ಹಿಡಿಯುವಾಗ, ಅಲ್ಲೇ ನಿಂತಿರುತ್ತೇನೆ. ಮೇಲಿಂದ ಒಂದು ಚಪ್ಪಲಿ ಬಂದು ಬೀಳುತ್ತದೆ.

ನನ್ನ ಕೆಲಸ ಬಳ್ಳಾರಿಯಲ್ಲಿ. ಸುತ್ತಲ ಪಟ್ಟಣಗಳ ಕಚೇರಿಗಳಿಗೆ ಒಂದೊಂದು ಕಾಲಕ್ಕೆ ಒಬ್ಬೊಬ್ಬ ಗುತ್ತಿಗೆದಾರ ಹಾಕಿಕೊಟ್ಟ ಕಂಪ್ಯೂಟರ್ ವ್ಯವಸ್ಥೆಗಳನ್ನು ಒಂದೇ ಪದ್ಧತಿಗೆ ತರುವ ಯೋಜನೆಯ ಕರಡು ಬರೆಯುವುದು. ಬೀದಿದೀಪಗಳನ್ನು ಕಚೇರಿಯಿಂದಲೇ ಹಾಕಿ ಆರಿಸುವುದನ್ನು ನೋಡಲು ಅವತ್ತು ಸಿರುಗುಪ್ಪಕ್ಕೆ ಹೋಗಿದ್ದೆ. ಮಧ್ಯಾಹ್ನ. ಅಕ್ಕಿ ಗಿರಣಿಯ ಪಕ್ಕದ ಓಣಿಯಲ್ಲಿ ದೀಪಗಳು ಕೆಟ್ಟಿದ್ದವು. ಲೈನ್‌ಮನ್ ಏಣಿ ಹಾಕಿದ್ದ. ಕಚೇರಿಯ ಪರದೆಯ ಮುಂದೆ ಕೂತಿದ್ದವನು ಕುರುಗೋಡಿನ ಆಪರೇಟರ್. ಸಿರುಗುಪ್ಪದವನು ರಜೆ ಹಾಕಿದ್ದರಿಂದ ಇವನನ್ನು ಕಳಿಸಿದ್ದರು.

ಲೈನ್‌ಮನ್ ಫೋನಿನ ಸ್ಪೀಕರ್ ಹಾಕಿ ಕೂಗಿದ. "ಲೇ ತಮ್ಮಾ, ಲೈನ್ ಬಂದ್ ಐತೇನು? ಬರೋಬ್ಬರಿ ನೋಡಿ ಹೇಳು. ಮನ್ಯಾಗ ಇವತ್ತ ಎಣ್ಣಿಗಾಯಿ ಮಾಡ್ಯಾರ, ಉಣ್ಣಾಕ ಹೋಗಬೇಕು ನಾನು."

"ಕೆಂಪು ಐತಿ ಮಾಮಾ, ಬಂದ್ ಆಗೇತಿ. ಆರಾಮ ಏರ್ರಿ."

ಕುರುಗೋಡಿನ ಪರದೆಯಲ್ಲಿ ಕೆಂಪು ಎಂದರೆ ಕರೆಂಟ್ ಇಲ್ಲ. ಸಿರುಗುಪ್ಪದ ಪರದೆ ಮಾಡಿದವರು ಹಳೆಯ ವಿದ್ಯುತ್ ಪ್ಯಾನೆಲ್ಲಿನ ರೂಢಿ ಹಿಡಿದಿದ್ದರು. ಅಲ್ಲಿ ಕೆಂಪು ಎಂದರೆ ಕರೆಂಟ್ ಇದೆ, ಮುಟ್ಟಬೇಡ. ಬೆಳಿಗ್ಗೆ ಪರೀಕ್ಷೆಗೆಂದು ಹಾಕಿದ್ದ ಲೈನನ್ನು ಯಾರೂ ಆರಿಸಿರಲಿಲ್ಲ. ಕೆಟ್ಟ ದೀಪಗಳು ಅದನ್ನು ಹೇಗೆ ತೋರಿಸಿಯಾವು?

ತಂತಿ ತಗುಲಿದ್ದೇ ತಡ, ಅವನು ಹಿಂದಕ್ಕೆ ಎಗರಿದ. ಒಂದು ಚಪ್ಪಲಿ ಕಳಚಿ ನನ್ನ ಮುಂದೆ ಬಿತ್ತು. ಕಂಬಕ್ಕೆ ಕಟ್ಟಿದ್ದ ಸೊಂಟದ ಹಗ್ಗ ಅವನನ್ನು ಹಿಡಿದುಕೊಂಡಿತು. ಏಣಿಯ ಮೇಲೆಯೇ ಉಳಿದಿದ್ದರೂ ಅವನ ತಲೆ ಕೆಳಗೆ ಜೋತಾಡುತ್ತಿತ್ತು. "ಮೇನ್ ಸ್ವಿಚ್ ಇಳಿಸು!" ಎಂದು ಕಿರುಚಿದ್ದು ನಾನೇ ಎಂದು ಗಿರಣಿಯ ಹಮಾಲರು ಆಮೇಲೆ ಹೇಳಿದರು. ಅವರೇ ಸ್ವಿಚ್ ಇಳಿಸಿ ಅವನನ್ನು ಕೆಳಗೆ ತಂದದ್ದು. ಬದುಕಿದ. ಅಂಗೈ ಸುಟ್ಟಿತ್ತು. ಗಾಯ ಮಾಯ್ದ ಮೇಲೆ ಮತ್ತೆ ಕಂಬ ಏರುತ್ತಿದ್ದಾನೆ. ಎರಡೂ ಪರದೆಗಳು ಹಾಗೇ ಇವೆ.

ಬಳ್ಳಾರಿಯ ಸಭೆಯಲ್ಲಿ ನನ್ನ ಕರಡಿನ ಮೊದಲ ಅಂಶವೇ ಅದು: ಎಲ್ಲ ಊರಿಗೂ ಒಂದೇ ಬಣ್ಣ, ಬಣ್ಣದ ಪಕ್ಕದಲ್ಲಿ ಅಕ್ಷರದಲ್ಲೂ ಬರೆದಿರಬೇಕು. ಹಿರಿಯ ಅಧಿಕಾರಿ ಅದಕ್ಕೆ ಅಡ್ಡಗೆರೆ ಎಳೆದರು. "ಬಣ್ಣದ್ದು ಎರಡನೇ ಹಂತಕ್ಕಿರಲಿ ಮೇಡಂ. ಮೊದಲು ಫಾಂಟು, ಪಾಸ್‌ವರ್ಡು ಒಂದು ಮಾಡೋಣ."

ಸಿರುಗುಪ್ಪದ ಪರದೆ ಮಾಡಿದ ಗುತ್ತಿಗೆದಾರ ಬಿಸ್ಕತ್ತು ಮುರಿಯುತ್ತ ಹೇಳಿದ, "ಅದು ಆಪರೇಟರ್ ತಪ್ಪು ಬಿಡ್ರಿ. ಆ ಹುಡುಗಗ ಒಂದು ನೋಟಿಸ್ ಕೊಟ್ರ ಮುಗೀತು."

"ಹಂಗಾದ್ರ ನೀವೇ ಏಣಿ ಏರ್ರಿ ಸಾರ್. ಅದೇ ಹುಡುಗನ್ನ ಪರದಿ ಮುಂದ ಕೂಡಸ್ತೀನಿ," ಎಂದೆ.

ಕೆಲವರು ನಕ್ಕರು. "ಮೇಡಮ್ಮೋರಿಗೆ ಅಂಜಿಕಿ ಇನ್ನಾ ಹೋಗಿಲ್ಲ," ಎಂದ ಅವನು.

"ಹೋಗಿಲ್ರಿ. ನಿಮಗೂ ಸ್ವಲ್ಪ ಬರ್ಲಿ."

ಅಧಿಕಾರಿ ಕರಡನ್ನೂ ಪೆನ್ನನ್ನೂ ನನ್ನತ್ತ ತಳ್ಳಿದರು. ನನ್ನ ಸಹಿ ಬೀಳದೆ ಅದು ಮುಂದಕ್ಕೆ ಹೋಗುವಂತಿಲ್ಲ. ಕರಡನ್ನು ಇಟ್ಟುಕೊಂಡು ಪೆನ್ನನ್ನಷ್ಟೇ ಹಿಂದಕ್ಕೆ ತಳ್ಳಿದೆ.

ಹೊರಗೆ ಬಂದವಳೇ ಎರಡೂ ಊರಿನ ಕಚೇರಿಗಳಿಗೆ ಫೋನ್ ಮಾಡಿ ಹೇಳಿದೆ: ಪರದೆ ನಂಬಿ ಯಾರೂ ಕಂಬ ಏರಬಾರದು. ಏರುವವನೇ ಆ ಲೈನಿನ ಡಬ್ಬಿಯಿಂದ ಫ್ಯೂಸ್ ಕಿತ್ತು ತನ್ನ ಕಿಸೆಯಲ್ಲಿ ಇಟ್ಟುಕೊಳ್ಳಬೇಕು.

ಸಂಜೆಯೊಳಗೆ ಅಧಿಕಾರಿಗೆ ಸುದ್ದಿ ಮುಟ್ಟಿತ್ತು. "ಈ ಆರ್ಡರ್ ಯಾರು ಕೊಟ್ಟಿದ್ದು?"

"ನಾನೇ ಸಾರ್. ಬರೆದು ಬೇಕಂದ್ರ ಬರೆದೂ ಕೊಡ್ತೀನಿ."

ಬರೆದೂ ಕೊಟ್ಟೆ. ಅದಕ್ಕೆ ಮಾತ್ರ ಸಹಿ ಹಾಕಿದ್ದೇನೆ. ಕರಡು ನನ್ನ ಮೇಜಿನ ಮೇಲೇ ಇದೆ. ಮೊನ್ನೆ ಸಿರುಗುಪ್ಪದಿಂದ ಲೈನ್‌ಮನ್ ಫೋನ್ ಮಾಡಿದ್ದ: "ಫ್ಯೂಸ್ ಕಿಸೆದಾಗ ಐತ್ರಿ ಅಕ್ಕಾರ. ಏರ್ಲೇನು?"

ಏರ್ರಿ, ಅಂದೆ.