ಎದುರಂಗಡಿ ಸಾರ್ ಅಳಿಸಿದ ಡಿಸ್ಕ್

ಹಳೆಯ ಸಿಪಿಯು ಬಿಚ್ಚಿ ಬ್ಲೋಯರ್ ಹಿಡಿದಾಗ ಏಳುವ ಆ ಬಿಸಿ ಧೂಳಿನ ವಾಸನೆ... ಮೊನ್ನೆ ನನ್ನ ರಿಪೇರಿ ಅಂಗಡಿಯಲ್ಲಿ ಅದಕ್ಕೇ ಎದುರಂಗಡಿ ಸಾರ್ ನೆನಪಾದರು, ಅವರದೂ ಕಂಪ್ಯೂಟರ್ ರಿಪೇರಿಯೇ. ಗಿರಾಕಿ ತಂದ ಯಂತ್ರದ ಕಪ್ಪು ಪರದೆಯ ಮೇಲೆ ‘ಗ್ರಬ್ ರೆಸ್ಕ್ಯೂ’ ಎಂಬ ಬಿಳಿ ಅಕ್ಷರ ಬೇರೆ ನಿಂತಿತ್ತು.

ಆಗ ನನಗಿನ್ನೂ ಅಂಗಡಿಯಿರಲಿಲ್ಲ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಪ್ರೆಸ್ ಮೆಷೀನ್ ಒತ್ತುತ್ತಿದ್ದೆ. ಸಂಜೆ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರಿನಲ್ಲಿ ಬಿಡಿಭಾಗಗಳ ಡ್ರಾಯಿಂಗ್ ಮಾಡುತ್ತಿದ್ದೆ. ಅವನ್ನು ತೋರಿಸಿದರೆ ಡಿಸೈನ್ ವಿಭಾಗಕ್ಕೆ ಹಾಕುತ್ತೇನೆಂದು ಮ್ಯಾನೇಜರು ಮಾತು ಕೊಟ್ಟಿದ್ದರು. ಅಷ್ಟರಲ್ಲಿ ಇದ್ದ ಸಿಸ್ಟಂ ಜೊತೆ ಲಿನಕ್ಸ್ ಎಂಬ ಇನ್ನೊಂದನ್ನು ಹಾಕುವ ಹುಚ್ಚು ಹತ್ತಿತು. ಹಾಕಿದೆ, ಯಂತ್ರ ಏಳಲಿಲ್ಲ; ಕಪ್ಪು ಪರದೆಯ ಮೇಲೆ ಇದೇ ‘ಗ್ರಬ್ ರೆಸ್ಕ್ಯೂ’. ಹೊತ್ತುಕೊಂಡು ಸಾರ್ ಹತ್ತಿರ ಹೋಗಿ, ಬೂಟ್ ಆಗುತ್ತಿಲ್ಲ ಎಂದೆ. ಅವರು ನನ್ನ ಹವಾಯಿ ಚಪ್ಪಲಿ ನೋಡಿದರು.

“ಕಾಲಿಗೇ ಬೂಟ್ ಇಲ್ಲ, ಕಂಪ್ಯೂಟರ್‌ಗೆ ಬೂಟ್ ಹಾಕೋಕ್ ಹೋಗಿದ್ಯಾ ಗುರು?”

ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ... ಇಂದಿಗೂ ಉರಿಯುವುದು ಅದೇ. ಒಳಗಿದ್ದದ್ದೆಲ್ಲ ಹೋಗಿದೆ ಎಂದು ಹೇಳಿ, ಡಿಸ್ಕ್ ಪೂರ್ತಿ ಅಳಿಸಿ, ಹೊಸ ಸಿಸ್ಟಂ ಹಾಕಿ ಕೊಟ್ಟರು. ಡ್ರಾಯಿಂಗ್‌ಗಳ ಜೊತೆ ಡಿಸೈನ್ ವಿಭಾಗವೂ ಕೈತಪ್ಪಿತು.

ಓದುವವರು ಒಂದು ಮಾತು ಕಿವಿಗೆ ಹಾಕಿಕೊಳ್ಳಿ. ಪರದೆ ಕಪ್ಪಾದ ಕೂಡಲೇ ಅಳಿಸಲು ಬಿಡಬೇಡಿ. ಪೆನ್‌ಡ್ರೈವ್‌ನಿಂದ ಲಿನಕ್ಸ್ ಎಬ್ಬಿಸಿ ನೋಡಿ. ಫೈಲುಗಳು ಕಂಡರೆ, ಕೆಟ್ಟಿರುವುದು ಸಿಸ್ಟಂ ಎಬ್ಬಿಸುವ ಬೂಟ್‌ಲೋಡರ್ ಮಾತ್ರ. ಅದನ್ನಷ್ಟೇ ಮತ್ತೆ ಕೂರಿಸಿದರಾಯಿತು. ಬೀಗ ಕೆಟ್ಟಿತೆಂದು ಯಾರಾದರೂ ಮನೆ ಕೆಡವುತ್ತಾರೆಯೇ?

ಇಷ್ಟು ಕಲಿತು ಕಾರ್ಖಾನೆ ಬಿಟ್ಟ ಮೇಲೆ, ರಿಪೇರಿ ಅಂಗಡಿಗೆ ನಾನು ಬೇರೆಲ್ಲೂ ಮಳಿಗೆ ಹುಡುಕಲಿಲ್ಲ. ಓನರ್ ಹತ್ತಿರ ಚೌಕಾಸಿ ಮಾಡಿ, ಸಾರ್ ಅಂಗಡಿ ಎದುರಿಗೇ ಬಾಡಿಗೆಗೆ ಹಿಡಿದೆ. ‘ಅಳಿಸುವ ಮುನ್ನ ಇಲ್ಲಿ ತೋರಿಸಿ’ ಎಂದು ಅವರ ಕಣ್ಣಿಗೇ ಬೀಳುವಂತೆ ಬೋರ್ಡ್ ಬರೆಸಿದೆ. ಅವರ ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟಿ ಬಂದರು. ನೋಡುತ್ತ ಕೂತಿದ್ದರು ಸಾರ್... ಆ ದಿನಗಳ ಊಟದ ರುಚಿಯೇ ಬೇರೆ.

ಕೊನೆಗೆ ಅಂಗಡಿ ಮುಚ್ಚಿ, ಮಾಕಳಿ ಕಡೆ ಹೋಗುವ ಮುನ್ನ ಹೇಳಿ ಹೋಗಲು ಬಂದರು. ಗಿರಾಕಿಗಳ ಮುಂದೆಯೇ ಕೇಳಿದೆ, ಅವತ್ತು ನನ್ನ ಡಿಸ್ಕ್‌ನಲ್ಲಿದ್ದದ್ದು ನಿಜಕ್ಕೂ ಹೋಗಿತ್ತೇ ಎಂದು. ಅವರ ಬಾಯಲ್ಲಿ ತಪ್ಪಾಯಿತು ಎನ್ನಿಸಬೇಕೆಂದು ಎಷ್ಟು ಕಾಲದಿಂದ ಕಾದಿದ್ದೆ.

“ನೋಡ್ಲೇ ಇಲ್ಲ ಕಣಪ್ಪ,” ಎಂದರು. “ಅಳಿಸೋದ್ ಬಿಟ್ರೆ ನಂಗೆ ಬೇರೇನ್ ಬರ್ತಿತ್ತು?”

ತಲೆ ತಗ್ಗಿಸಲೂ ಇಲ್ಲ. ಹೆಲ್ಮೆಟ್ ಹಾಕಿಕೊಂಡು ಹೊರಟೇಬಿಟ್ಟರು.

ಆಮೇಲೆ ತೀರಿಕೊಂಡರಂತೆ. ಸುದ್ದಿ ಕೇಳಿದಾಗ ಅಳು ಬರಲಿಲ್ಲ, ಇನ್ನೊಮ್ಮೆ ಮೋಸ ಹೋದೆ ಅನ್ನಿಸಿತು.

ಮೊನ್ನೆ ಗಿರಾಕಿಯ ಯಂತ್ರ ಎದ್ದಿತು, ಒಂದು ಫೈಲೂ ಹೋಗದೆ. ತಲೆಯೆತ್ತಿ ಎದುರು ನೋಡಿದೆ. ಅಲ್ಲೀಗ ಬೇಕರಿ. ನೋಡಬೇಕಾದವರೇ ಇಲ್ಲದ ಮೇಲೆ, ಪಫ್ಸ್ ತಿನ್ನುತ್ತ ನಿಂತವರಿಗೆ ನನ್ನ ಗೆಲುವು ಯಾಕೆ ಬೇಕು?