ಸಿಎ ಓದದ ಹುಡುಗಿ

ಏನನ್ನು ನೋಡುವಾಗಲೂ ನನ್ನ ತಂಗಿಯ ಮಗಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕತ್ತನ್ನಷ್ಟೇ ಮುಂದೆ ಚಾಚುತ್ತಿದ್ದಳು. ಮ್ಯೂಸಿಯಮ್ಮಿನಲ್ಲಿ ಏನನ್ನೂ ಮುಟ್ಟಬಾರದೆಂಬ ನಿಯಮ ಅವಳ ಮೈಗೇ ಹತ್ತಿಬಿಟ್ಟಿತ್ತು. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಹೋಟೆಲಿಗೆ ಬಂದರೆ ಗಾಜಿನ ಕಪಾಟಿನ ಮೈಸೂರುಪಾಕನ್ನೂ ಹಾಗೆಯೇ ನೋಡಿ, "ಇದು ಯಾವ ಶತಮಾನದ್ದು ಮಾವ?" ಎಂದು ಅಡುಗೆಯವರನ್ನು ನಗಿಸುವಳು. ಅವಳ ಬಗ್ಗೆ ಬರೆಯಲು ಎಷ್ಟೋ ಸಲ ಕೂತು, ಬರೆಯದೆ ಎದ್ದಿದ್ದೇನೆ. ಇನ್ನು ಮುಂದೂಡುವ ವಯಸ್ಸಲ್ಲ.

ತಂದೆ ಬೇಗ ತೀರಿಹೋದದ್ದರಿಂದ ತಂಗಿಯ ಈ ಮಗಳು ಬೆಳೆದದ್ದು ನಮ್ಮ ಮನೆಯಲ್ಲೇ. ನಾನು ಹತ್ತನೆಯ ತರಗತಿ ಮುಗಿಸಿ ಗಲ್ಲಾದಲ್ಲಿ ಕೂತವನು. ಅವಳು ಎಂಎಗೆ ಕಲಾ ಇತಿಹಾಸ ತೆಗೆದುಕೊಂಡಾಗ, ಅದನ್ನು ಓದಿ ಎಂತ ಮಾಡುವುದು ಎಂದೆ. ಮ್ಯೂಸಿಯಮ್, ಕಾಲೇಜು, ಚಿತ್ರಗಳ ಹರಾಜು ನಡೆಸುವ ಕಂಪೆನಿ, ಹಳೆಯ ಚಿತ್ರಗಳ ದುರಸ್ತಿ ಎಂದು ಬೇಸರಿಸದೆ ವಿವರಿಸಿದಳು. "ಹಳೆಯದನ್ನು ನೋಡಿಕೊಳ್ಳಲಿಕ್ಕೂ ಜನ ಬೇಕಲ್ಲ ಮಾವ?"

ಫೀಸು ಕಟ್ಟಿದೆ. ಆದರೆ ನೆಂಟರು ಕೇಳಿದಾಗ ಮಾತ್ರ ಸಿಎ ಓದುತ್ತಿದ್ದಾಳೆ ಎನ್ನುತ್ತಿದ್ದೆ. ಸಿಎ ಎಂದರೆ ಯಾರೂ ಮುಂದಿನ ಪ್ರಶ್ನೆ ಕೇಳುವುದಿಲ್ಲ.

ಥಾಣೆಯಲ್ಲೊಂದು ಮದುವೆ. ಊಟದ ಪಂಕ್ತಿಯಲ್ಲಿ ನವಿ ಮುಂಬಯಿಯ ಹೋಟೆಲ್ ಮಾಲೀಕರೊಬ್ಬರು ಅವಳಿಗೆ, "ನಮ್ಮ ಜಿಎಸ್‌ಟಿ ಇನ್ನು ನೀನೇ ನೋಡು ಮಗಾ" ಎಂದರು.

"ನಾನು ಸಿಎ ಅಲ್ಲ ಅಂಕಲ್. ಕಲಾ ಇತಿಹಾಸ ಓದುವುದು."

ಎಲ್ಲರೂ ನನ್ನ ಕಡೆ ತಿರುಗಿದರು. ಸತ್ಯ ಹೇಳಲು ಅದಕ್ಕಿಂತ ಸುಲಭದ ಹೊತ್ತು ಇರಲಿಲ್ಲ. ನಾನು ಹೇಳಿದ್ದು: "ಸಿಎಯಲ್ಲಿ ಫೇಲಾದ್ಲು. ಮನೆಯಲ್ಲಿ ಸುಮ್ಮನೆ ಯಾಕೆ ಅಂತ ಚಿತ್ರ ನೋಡ್ಲಿಕ್ಕೆ ಹೋಗ್ತಾಳೆ."

"ನೋಡ್ಲಿಕ್ಕೂ ಡಿಗ್ರಿ ಉಂಟಾ ಮಾರಾಯ್ರೆ?" ಎಂದರು ಯಾರೋ. ಪಂಕ್ತಿಯೆಲ್ಲ ನಕ್ಕಿತು. ಅವಳು ಪಾಯಸವನ್ನು ಪೂರ್ತಿ ಉಂಡು, ಎಲೆ ಮಡಚಿ ಎದ್ದಳು. ಮರಳುವಾಗ ಲೋಕಲ್ ಟ್ರೇನಿನಲ್ಲಿ ಒಂದೇ ಮಾತಾಡಿದಳು: "ನಾಚಿಕೆ ಆಗಿದ್ರೆ ನನಗೇ ಹೇಳ್ಬಹುದಿತ್ತು ಮಾವ."

ಆ ತಿಂಗಳೇ ಹಾಸ್ಟೆಲಿಗೆ ಹೋದಳು. ಮತ್ತೆ ನಮ್ಮವರ ಯಾವ ಮದುವೆಗೂ ಬರಲಿಲ್ಲ. "ಫೇಲಾದ ಹುಡುಗಿ" ಎಂಬ ಹೆಸರು ಮಾತ್ರ ಎಲ್ಲ ಮದುವೆಗಳಲ್ಲೂ ಓಡಾಡಿತು.

ಈಗ ಮುಂಬಯಿಯ ಒಂದು ಮ್ಯೂಸಿಯಮ್ಮಿನಲ್ಲಿ ಯಾವ ಚಿತ್ರ ಎಲ್ಲಿರಬೇಕು, ಅದರ ಮೇಲೆ ಎಷ್ಟು ಬೆಳಕು ಬೀಳಬೇಕು, ಪಕ್ಕದ ಫಲಕದಲ್ಲಿ ಏನು ಬರೆಯಬೇಕು ಎಂದು ತೀರ್ಮಾನಿಸುವವಳು ಅವಳೇ. ಕಳೆದ ವರ್ಷ ಹೇಳದೆ ಕೇಳದೆ ಅಲ್ಲಿಗೆ ಹೋದೆ. ಒಂದಿಷ್ಟು ಹಿರಿಯರಿಗೆ ಮರಾಠಿಯಲ್ಲಿ ಚಿತ್ರ ತೋರಿಸುತ್ತಿದ್ದಳು. ಅವಳು ಬೆರಳು ತೋರಿಸಿದ ಮೇಲಷ್ಟೇ ಆ ಚಿತ್ರದ ಮೂಲೆಯಲ್ಲಿ ನೀರು ಹೊರುವ ಹೆಂಗಸು ನನಗೆ ಕಂಡಳು. ಹಿಂದೆ ನಿಂತಿದ್ದ ನನ್ನನ್ನು ನೋಡಿ ಕೈಹಿಡಿದು ಮುಂದೆ ಕರೆತಂದಳು. ಇವರು ನನ್ನ ಸೋದರಮಾವ, ಡೊಂಬಿವಲಿಯಲ್ಲಿ ಹೋಟೆಲ್ ಇದೆ, ನನ್ನನ್ನು ಓದಿಸಿದವರು ಇವರೇ ಎಂದು ಎಲ್ಲರಿಗೂ ಪರಿಚಯಿಸಿದಳು.

ಆಮೇಲೆ ಚಹಾ ಕುಡಿಸಿದಳು. ತಪ್ಪಾಯಿತು ಎನ್ನಬೇಕೆಂದಿದ್ದೆ. ಊಟ ಆಯಿತಾ ಎಂದು ಕೇಳಿ ಎದ್ದುಬಂದೆ.

ನಮ್ಮ ನೆಂಟರು ಇದನ್ನು ಓದಿದರೆ ತಿಳಿಯಲಿ: ಅವಳು ಸಿಎ ಪರೀಕ್ಷೆಗೆ ಕೂತವಳೇ ಅಲ್ಲ. ಸುಳ್ಳು ನನ್ನದು. ಇಷ್ಟು ಜನರ ಮುಂದೆ ಒಪ್ಪಿಕೊಂಡೆ. ಇನ್ನೂ ಕ್ಷಮೆ ಕೇಳದೆ ಉಳಿದಿರುವುದು ಒಬ್ಬಳಲ್ಲಿ, ನನ್ನ ತಂಗಿಯ ಮಗಳಲ್ಲಿ.