ಮೊದಲನೇ ಡಿಕಾಕ್ಷನ್

ಕಾಫಿ ಮಾರುವುದಕ್ಕೆ ನನ್ನ ಮುಖ ಆಗಿಬರುವುದಿಲ್ಲ ಎನ್ನುವುದು ನನಗೆ ಗೊತ್ತಾದದ್ದು ಅರವತ್ತು ದಾಟಿದ ಮೇಲೆ. ಅದಕ್ಕೆ ಮುಂಚೆ ಯಾರೂ ಪರೀಕ್ಷಿಸಿ ನೋಡಿರಲಿಲ್ಲ. ನೋಡಿದವಳು ಮೇಘನಾ, ಜಯನಗರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗೆ ಇರುವ ಹುಡುಗಿ. ಜಾಹೀರಾತು ಕಂಪನಿಯೊಂದರಲ್ಲಿ ಅವಳಿಗೆ ಕೆಲಸ. ಒಂದು ಸಂಜೆ ಮೆಟ್ಟಿಲಿಳಿದು ಬಂದವಳೇ, “ಆಂಟಿ, ನಮಗೊಬ್ಬರು ನಿಜವಾದ ಅಜ್ಜಿ ಬೇಕು. ಮಾಡೆಲ್ ಬೇಡ ಅಂತಿದಾರೆ ಕ್ಲೈಂಟು,” ಎಂದಳು. ನನಗೆ ಇಬ್ಬರು ಮೊಮ್ಮಕ್ಕಳಿದ್ದಾರೆ. ಅಂದರೆ ಅಜ್ಜಿತನದಲ್ಲಿ ನನಗೆ ಅರ್ಹತೆ ಇದೆ. ಮಾರನೆಯ ಬೆಳಿಗ್ಗೆ ಹಸಿರು ಮೈಸೂರು ರೇಷ್ಮೆ ಉಟ್ಟು, ಲೋಟ-ಬಟ್ಟಲು ಹಿಡಿದು ವರಾಂಡದಲ್ಲಿ ನಿಂತೆ. ಮೇಘನಾ ಫೋನಿನಲ್ಲಿ ನಾಲ್ಕಾರು ಫೋಟೊ ತೆಗೆದು, ಅವನ್ನು ಬಹಳ ಹೊತ್ತು ನೋಡಿದಳು.

“ಚೆನ್ನಾಗ್ ಬಂದಿದೆ ಆಂಟಿ. ಆದ್ರೆ ಕಾಫಿ ಕೊಡ್ತಿದೀರೋ, ಆನ್ಸರ್ ಪೇಪರ್ ವಾಪಸ್ ಕೊಡ್ತಿದೀರೋ ಗೊತ್ತಾಗ್ತಿಲ್ಲ.”

ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು ನಾನು. ಕೆಂಪು ಮಸಿ ಬೆರಳಿನಿಂದ ಹೋದರೂ ಮುಖದಿಂದ ಹೋಗುವುದಿಲ್ಲ ಎಂದು ಸಮಾಧಾನ ಮಾಡಿಕೊಂಡು ಸೀರೆ ಮಡಿಸಿಟ್ಟೆ.

ಅವಳ ಕ್ಲೈಂಟು ಅರ್ಧ ಪ್ರಪಂಚದಲ್ಲಿ ಅಂಗಡಿ ತೆರೆದಿರುವ ಕಾಫಿ ಕಂಪನಿ. ನಮ್ಮ ಬಡಾವಣೆಯಲ್ಲೂ ಒಂದು ಹಳೆಯ ಮಹಡಿ ಮನೆಯನ್ನು ಹಿಡಿದು, ಅದರ ಕೆಂಪು ನೆಲ, ಕಬ್ಬಿಣದ ಸರಳಿನ ಕಿಟಕಿಗಳನ್ನು ಹಾಗೇ ಉಳಿಸಿಕೊಂಡು ಅಂಗಡಿ ಮಾಡುತ್ತಿತ್ತು. ಅವರ ವ್ಯಾಪಾರದ ಗುಟ್ಟನ್ನು ಮೇಘನಾ ನನ್ನ ಅಡುಗೆಮನೆಯಲ್ಲಿ ಕೂತು ವಿವರಿಸುತ್ತಿದ್ದಳು. “ಅವರು ಕಾಫಿ ಮಾರಲ್ಲ ಆಂಟಿ, ಕುರ್ಚಿ ಮಾರ್ತಾರೆ.” ಮನುಷ್ಯನಿಗೆ ಮನೆ ಒಂದು ಜಾಗ, ಕಚೇರಿ ಇನ್ನೊಂದು, ಇವೆರಡೂ ಅಲ್ಲದ ಮೂರನೆಯದೊಂದು ಬೇಕಂತೆ. ಅಲ್ಲಿ ಎಷ್ಟು ಹೊತ್ತು ಕೂತರೂ ಯಾರೂ ಎಬ್ಬಿಸಬಾರದು. ಬೆಲೆಯಲ್ಲಿ ಮುಕ್ಕಾಲು ಪಾಲು ಆ ಎಬ್ಬಿಸದಿರುವುದಕ್ಕೆ.

ನಮ್ಮ ದರ್ಶಿನಿಗಳ ಧರ್ಮ ಇದಕ್ಕೆ ತದ್ವಿರುದ್ಧ. ಅಲ್ಲಿ ನಿಂತು ಕುಡಿಯಬೇಕು, ಹಿಂದೆ ನಿಂತವನ ಉಸಿರು ಕತ್ತಿಗೆ ತಾಗುವುದರೊಳಗೆ ಮುಗಿಸಬೇಕು. ಆದರೂ ಆ ನಿಂತ ನಿಲುವಿನಲ್ಲೇ ನಾವು ಬೈ-ಟೂ ಎಂಬ ನಾಗರಿಕತೆಯನ್ನು ಕಟ್ಟಿದ್ದೇವೆ. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿಕೊಂಡು ಮದುವೆ ಮಾತುಕತೆ, ಸೈಟು ವ್ಯವಹಾರ, ಜಗಳ, ರಾಜಿ ಎಲ್ಲವನ್ನೂ ಮುಗಿಸಿಬಿಡುತ್ತೇವೆ. ಜಿಪುಣತನಕ್ಕೆ ಇಷ್ಟು ಗೌರವದ ಹೆಸರು ಬೇರೆ ಊರಿನಲ್ಲಿ ಸಿಗುವುದು ಕಷ್ಟ.

ಎರಡನೆಯ ಗುಟ್ಟು, ಹೋದ ಊರಿನಲ್ಲಿ ಆ ಊರಿನವರಂತೆ ಕಾಣುವುದು. ಇಲ್ಲಿಗೆ ಬಂದಮೇಲೆ ಫಿಲ್ಟರ್ ಕಾಫಿ ಕೊಡಬೇಕು, ಗೋಡೆಯ ಮೇಲೆ ಇಲ್ಲಿಯದೇ ಅಜ್ಜಿಯ ಫೋಟೊ ಇರಬೇಕು. ಕಾಲೇಜು ಹುಡುಗರು, ಲ್ಯಾಪ್‌ಟಾಪಿನವರು, ವಾಕಿಂಗ್ ಮುಗಿಸಿ ಬರುವ ನಮ್ಮಂಥವರು, ಹೀಗೆ ಗಿರಾಕಿಗಳನ್ನು ವಿಂಗಡಿಸಿ ಯಾರಿಗೆ ಏನು ಎಂದು ಮೊದಲೇ ತೀರ್ಮಾನಿಸುತ್ತಾರೆ. ಅದಕ್ಕೆ ಸೆಗ್ಮೆಂಟ್ ಎಂದು ಹೆಸರು. “ಈ ಸಲ ನಾವು ಮಾರ್ತಿರೋದು ನೆನಪು ಆಂಟಿ, ಮನೆ ಕಾಫಿ ನೆನಪು,” ಎಂದಳು ಮೇಘನಾ. ನೆನಪು ಎಂಬ ನಾಮಪದಕ್ಕೆ ಷಷ್ಠೀ ವಿಭಕ್ತಿ ಇಲ್ಲದೆ ಅರ್ಥ ಪೂರ್ತಿಯಾಗುವುದಿಲ್ಲ. ಯಾರ ನೆನಪು ಎಂದು ಕೇಳಬೇಕು. ವ್ಯಾಕರಣ ಕಲಿಸಿದವಳಿಗೆ ಆ ಹೊತ್ತಿಗೆ ಅದು ಹೊಳೆಯಲಿಲ್ಲ.

ಹೊಳೆದದ್ದು ನನ್ನ ಅಕ್ಕ. ಲಲಿತಕ್ಕ ನನಗಿಂತ ಬಹಳ ದೊಡ್ಡವಳು. ಅವಳ ಮದುವೆಯ ದಿನ ನಾನು ಯಾರದೋ ಸೊಂಟದ ಮೇಲಿದ್ದೆನಂತೆ. ಬಸವನಗುಡಿಯ ತುಂಬಿದ ಮನೆಗೆ ಸೊಸೆಯಾಗಿ ಹೋದವಳು, ಭಾವ ತೀರಿಕೊಂಡ ಮೇಲೆ ಈಗ ಬನಶಂಕರಿಯಲ್ಲಿ ಮಗ-ಸೊಸೆಯ ಜೊತೆ ಇದ್ದಾಳೆ. ಬೆಳ್ಳಗಿನ ತಲೆ, ಎರಡೂ ಕಡೆ ಮೂಗುಬಟ್ಟು, ಯಾರನ್ನು ಕಂಡರೂ ತಾನಾಗಿ ಅರಳುವ ಮುಖ. ಅವಳ ಕಾಫಿಯಂತೂ ನಮ್ಮ ಬಳಗದಲ್ಲೆಲ್ಲ ಹೆಸರಾದದ್ದು. ಮೇಘನಾ ಅವಳ ಫೋಟೊ ನೋಡಿದ ಕೂಡಲೇ, “ಆಂಟಿ, ಇವರೇ!” ಎಂದಳು. ನನಗೆ ಸ್ವಲ್ಪ ಹೊಟ್ಟೆಯುರಿ ಆಯಿತು, ಆದರೆ ಹೆಮ್ಮೆಯೂ ಆಯಿತು.

ಒಂದು ಶನಿವಾರ ಬೆಳಿಗ್ಗೆ ಕ್ಯಾಮೆರಾದವರನ್ನು ಕರೆದುಕೊಂಡು ಬನಶಂಕರಿಗೆ ಹೋದೆವು. ದೀಪ ಹೊಂದಿಸುವುದರೊಳಗೆ ಲೋಟದ ಹಬೆ ಆರುತ್ತಿತ್ತು, ಅಕ್ಕ ಮತ್ತೆ ಹೊಸದಾಗಿ ಬೆರೆಸಿ ತರುತ್ತಿದ್ದಳು. ಆರಿದ್ದನ್ನೆಲ್ಲ ಬಂದವರು ಕುಡಿದರು. ಕೊನೆಗೆ ಲೋಟವನ್ನು ಮುಂದಕ್ಕೆ ಚಾಚಿ, ನೋಡುವವರಿಗೇ ಕೊಡುವಂತೆ ನಕ್ಕಾಗ ಚಿತ್ರ ಸಿಕ್ಕಿತು. ಆಮೇಲೆ ಮೇಘನಾ ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಮೇಜಿನ ಮೇಲಿಟ್ಟು ಮಾತಿಗೆಳೆದಳು.

“ಅಜ್ಜಿ, ಬೆಳಿಗ್ಗೆ ಮೊದಲನೇ ಲೋಟ ಹಿಡ್ಕೊಂಡು ಕೂತ್ಕೊಂಡಾಗ ನಿಮಗೆ ಏನ್ ನೆನಪಾಗುತ್ತೆ?”

“ಕೂತ್ಕೊಳ್ಳೋದೆಲ್ಲಿ ಬಂತಮ್ಮ? ನಾನು ನಿಂತ್ಕೊಂಡೇ ಕುಡಿಯೋದು.”

“ಈಗಲೂನಾ?”

“ಈಗಲೂ. ಈಗ ಈ ಮನೇಲಿ ಕಾಫಿ ಕುಡಿಯೋಳು ನಾನೊಬ್ಬಳೇ. ಮಗ ಆಫೀಸಲ್ಲೇ ಕುಡೀತಾನೆ, ಸೊಸೆ ಅದೇನೋ ಹಸಿರು ಟೀ ಕುಡೀತಾಳೆ. ಆದ್ರೂ ಕೂತ್ರೆ ಯಾರೋ ಕರೆದ ಹಾಗಾಗುತ್ತೆ.”

ಮೇಘನಾ ನಕ್ಕಳು. ಅಕ್ಕನೂ ನಕ್ಕಳು. ಹಾಗೆ ನಗುತ್ತಲೇ ಅವಳು ಬಸವನಗುಡಿಯ ಮನೆಯ ಕ್ರಮ ಹೇಳತೊಡಗಿದಳು. ಫಿಲ್ಟರಿನಿಂದ ಇಳಿಯುವ ಮೊದಲನೇ ಡಿಕಾಕ್ಷನ್, ಗಟ್ಟಿಯಾದದ್ದು, ಮಾವನವರಿಗೆ, ಅವರ ತಮ್ಮಂದಿರಿಗೆ, ನಮ್ಮ ಭಾವನಿಗೆ, ಅವಳ ಮೈದುನರಿಗೆ, ಬಂದ ದೊಡ್ಡ ಮನುಷ್ಯರಿಗೆ. ಅದೇ ಪುಡಿಗೆ ಮತ್ತೆ ನೀರು ಹಾಕಿ ಇಳಿಸಿದ ಎರಡನೆಯದು ಓದುವ ಹುಡುಗರಿಗೆ ಮತ್ತು ಲೆಕ್ಕಕ್ಕೆ ಬಾರದ ನೆಂಟರಿಗೆ. ಆಮೇಲೂ ಪುಡಿಯಲ್ಲಿ ಬಣ್ಣ ಉಳಿದಿದ್ದರೆ ಮೂರನೆಯ ಸಲ ನೀರು ಹಾಕಿ, ಸಕ್ಕರೆ ಬದಲು ಬೆಲ್ಲ ಹಾಕಿ, ಹೆಂಗಸರಿಗೆ. ಸೆಗ್ಮೆಂಟ್ ಎನ್ನುವುದನ್ನು ನಮಗೆ ಹೊರದೇಶದವರು ಬಂದು ಕಲಿಸಬೇಕಾಗಿರಲಿಲ್ಲ.

“ಅಡುಗೆಮನೆ ನಿಮ್ಮ ಕೈಲೇ ಇತ್ತಲ್ಲ ಅಜ್ಜಿ. ಒಂದು ಗುಟುಕು ಕುಡಿದಿದ್ರೆ ಯಾರಿಗೆ ಗೊತ್ತಾಗ್ತಿತ್ತು?”

“ಬೀಗ ಯಾರೂ ಹಾಕಿರ್ಲಿಲ್ಲಮ್ಮ. ನಾವೇ ಕುಡೀತಿರ್ಲಿಲ್ಲ.”

ಆಮೇಲೆ ಅಕ್ಕ ಹೇಳಿದ್ದು ನಾನೂ ಅದುವರೆಗೆ ಕೇಳಿರದ ಸಂಗತಿ. ಅವಳು ಮೊದಲ ಸಲ ಬಸುರಿಯಾಗಿದ್ದಾಗ ಕಾಫಿಯ ವಾಸನೆಗೆ ಬಾಯಲ್ಲಿ ನೀರೂರುತ್ತಿತ್ತಂತೆ. ಬಯಕೆಗೆ ಬೇರೆಲ್ಲ ಕೊಟ್ಟರು, ಹುಳಿ, ಮಾವಿನಕಾಯಿ, ಕೋಡುಬಳೆ. ಮೊದಲನೇ ಡಿಕಾಕ್ಷನ್ನಿನ ಕಾಫಿ ಬೇಕು ಅನ್ನುವುದಕ್ಕೆ ಬಾಯಿ ಬರಲಿಲ್ಲ. ಒಂದು ಬೆಳಿಗ್ಗೆ ಮಾವನವರು ಕಾಫಿ ಕುಡಿಯುತ್ತಿದ್ದಾಗ ಬಾಗಿಲಲ್ಲಿ ಯಾರೋ ಕೂಗಿದರು. ಅರ್ಧ ಲೋಟ ಬಿಟ್ಟು ಎದ್ದುಹೋದರು. ಅವರು ಎತ್ತಿ ಕುಡಿಯುವವರು, ಹಾಗಾಗಿ ಎಂಜಲೂ ಆಗಿರಲಿಲ್ಲ. ಅಕ್ಕ ಲೋಟ ತೆಗೆದುಕೊಂಡು ಒಳಗೆ ಬಂದಳು. ತೊಳೆಯುವುದಕ್ಕೆಂದೇ ತಂದದ್ದು. ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕುಡಿದುಬಿಟ್ಟಳು.

“ಕುಡಿದು ತಿರುಗಿದ್ರೆ ಹಿಂದೆ ನಮ್ಮತ್ತೆ.”

ಆ ಅತ್ತೆಯನ್ನು ನಾನು ಕಂಡಿದ್ದೆ. ಬೇಸಗೆ ರಜೆಗೆ ಹೋದಾಗ ಅವರ ಹೆಜ್ಜೆ ಸಪ್ಪಳ ಕೇಳಿದರೆ ನಾವು ಮಕ್ಕಳು ಅಟ್ಟ ಹತ್ತುತ್ತಿದ್ದೆವು. ಜೋರಾಗಿ ಮಾತಾಡಿದವರಲ್ಲ, ಆದರೆ ಅವರು ನೋಡಿದರೆ ಸಾಕು, ಮಾಡದ ತಪ್ಪೂ ನೆನಪಾಗುತ್ತಿತ್ತು.

“ತುಂಬಾ ಬೈದ್ರಾ ಅಜ್ಜಿ?” ಮೇಘನಾ ದನಿ ಇಳಿಸಿ ಕೇಳಿದಳು.

“ಇಲ್ಲಮ್ಮ. ಹತ್ತಿರ ಬಂದ್ರು. ನಡುಮನೆ ಕಡೆ ಒಂದ್ಸಲ ತಿರುಗಿ ನೋಡಿದ್ರು. ಆಮೇಲೆ ಮೆಲ್ಲಗೆ, ‘ಹೇಗಿತ್ತೇ?’ ಅಂದ್ರು.”

ನಮಗೆ ತಕ್ಷಣ ತಿಳಿಯಲಿಲ್ಲ. ಅಕ್ಕನೇ ಬಿಡಿಸಿ ಹೇಳಿದಳು. “ಅವರೂ ಕುಡಿದಿರ್ಲಿಲ್ಲ. ಅಷ್ಟು ವರ್ಷ ಆ ಮನೇಲಿ ಡಿಕಾಕ್ಷನ್ ಇಳಿಸಿದ್ದು ಅವರೇ. ರುಚಿ ಹೇಗಿರುತ್ತೆ ಅಂತ ಗೊತ್ತಿರ್ಲಿಲ್ಲ ಅವರಿಗೆ.”

“ನೀವೇನಂದ್ರಿ?”

“ಚೆನ್ನಾಗಿತ್ತು ಅತ್ತೆ, ಅಂದೆ. ‘ಹ್ಞೂಂ’ ಅಂದ್ರು. ‘ಲೋಟ ತೊಳೆದಿಡು’ ಅಂದ್ರು. ಅಷ್ಟೇ. ಇನ್ಯಾವತ್ತೂ ಆ ಮಾತು ಎತ್ತಲಿಲ್ಲ ಇಬ್ಬರೂ.”

ಕ್ಯಾಮೆರಾದವನು ತಂತಿ ಸುತ್ತುವುದನ್ನು ನಿಲ್ಲಿಸಿ ನಿಂತಿದ್ದ. ಅಕ್ಕನ ದನಿಯಲ್ಲಿ ದೂರಿರಲಿಲ್ಲ, ಅಳುವೂ ಇರಲಿಲ್ಲ. “ಇನ್ನೊಂದ್ ಸ್ವಲ್ಪ ಕಾಫಿ ತರಲಾ ಎಲ್ಲರಿಗೂ?” ಎಂದು ಏಳಲು ಹೋದಳು. ಬೇಡ ಎಂದು ಎಲ್ಲರೂ ಒಟ್ಟಿಗೇ ಅಂದೆವು. ಅವಳಿಗೆ ಆಶ್ಚರ್ಯವಾಯಿತು.

ಮುಂದಿನ ವಾರ ಒಂದು ಸಂಜೆ ಮೇಘನಾ ಇಳಿದು ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು. ಕಾಫಿ ಕಂಪನಿಯವರ ಮುಂದೆ ಅಕ್ಕನ ಮಾತನ್ನು ಪೂರ್ತಿ ಕೇಳಿಸಿದಳಂತೆ. ಆಮೇಲೆ ದೊಡ್ಡವರೊಬ್ಬರು, ಮನಸ್ಸಿಗೆ ತಟ್ಟುತ್ತದೆ, ಆದರೆ ಕಾಫಿ ಕುಡಿಯಲು ಬಂದವರಿಗೆ ಇದು ಬೇಡ ಅಂದರಂತೆ. ಫೋಟೊ ಮಾತ್ರ ಬಹಳ ಇಷ್ಟವಾಗಿದೆ. ಅದರ ಕೆಳಗೆ ‘ಅಜ್ಜಿಯ ಕೈಯ ಮೊದಲನೇ ಲೋಟ, ನಿಮಗಾಗಿ’ ಎಂದು ಬರೆಯುತ್ತಾರೆ.

“ಅಜ್ಜಿ ಒಪ್ಪಿದ್ರೆ ಮಾತ್ರ ಆಂಟಿ. ನಾನೇ ಕೇಳ್ತೀನಿ ಅಂತ ಹೇಳಿ ಬಂದಿದೀನಿ,” ಎಂದಳು. ಇದು ಅವಳ ಜವಾಬ್ದಾರಿಗೆ ಬಿಟ್ಟ ಮೊದಲ ದೊಡ್ಡ ಕೆಲಸ. ಅವಳ ಕಣ್ಣು ಕೆಂಪಾಗಿತ್ತು.

ನನಗೆ ಸಿಟ್ಟು ಬಂತು. ಒಪ್ಪಬೇಡ ಎಂದು ಹೇಳುವುದಕ್ಕೇ ನಾನೂ ಅವಳ ಜೊತೆ ಬನಶಂಕರಿಗೆ ಹೋದೆ. ಅಕ್ಕ ನನ್ನ ಭಾಷಣವನ್ನು ಪೂರ್ತಿ ಕೇಳಿದಳು. ಆಮೇಲೆ ಕನ್ನಡಕ ಹಾಕಿಕೊಂಡು ಲ್ಯಾಪ್‌ಟಾಪಿನ ಪರದೆಯಲ್ಲಿ ತನ್ನ ಚಿತ್ರವನ್ನು ನೋಡಿದಳು.

“ಚೆನ್ನಾಗಿದೆ ಮಗು. ಆದ್ರೆ ಇದ್ರಲ್ಲೂ ಕೊಡ್ತಾನೇ ಇದೀನಲ್ಲ.”

ಮೇಘನಾ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡು ಮತ್ತೆ ನೋಡಿದಳು. ಅಕ್ಕ ಮುಂದುವರಿಸಿದಳು.

“ನಮ್ಮತ್ತೆ ವಿಷಯ ಬರೀಬೇಡಿ. ಅದು ಬೇಡ, ಅವರ ಮರ್ಯಾದೆ ಅವರಿಗೆ. ನಾನು ಕುಡೀತಿರೋ ಫೋಟೊ ಹಾಕಿ. ಕೂತ್ಕೊಂಡು ಕುಡೀತಿರ್ಬೇಕು. ಹಾಗಾದ್ರೆ ನನಗೆ ಒಪ್ಪಿಗೆ.”

“ಅಕ್ಕ, ನಿನಗ್ಯಾಕೆ ಈ ವಯಸ್ಸಲ್ಲಿ...” ಎಂದು ಶುರುಮಾಡಿದೆ.

“ನೀನು ಸುಮ್ನಿರೇ ಪದ್ದು. ಕೇಳ್ತಿರೋದು ನನ್ನ.”

ಆವತ್ತೇ ಊಟದ ಮೇಜಿನ ಹತ್ತಿರ ಕಿಟಕಿ ಬೆಳಕಿಗೆ ಅವಳನ್ನು ಕೂರಿಸಿ ಮೇಘನಾ ಫೋನಿನಲ್ಲೇ ಫೋಟೊ ತೆಗೆದಳು. ಅದರಲ್ಲಿ ಅಕ್ಕ ನಗುತ್ತಿಲ್ಲ. ಕಣ್ಣು ಮುಚ್ಚಿಕೊಂಡಿದ್ದಾಳೆ. ದೂರದಲ್ಲಿ ಯಾರೋ ಹಾಡುವುದನ್ನು ಕೇಳುತ್ತಿರುವವರ ಹಾಗೆ ಮುಖ ಸ್ವಲ್ಪ ವಾಲಿದೆ. ನಾನು ಹುಟ್ಟಿದಾಗಿನಿಂದ ಅವಳನ್ನು ನೋಡಿದ್ದೇನೆ. ಆ ಮುಖ ನೋಡಿರಲಿಲ್ಲ.

ಕಂಪನಿಯವರು ಒಪ್ಪಲಿಲ್ಲ. “ಕುಡಿಯೋ ಅಜ್ಜಿ ಕಸ್ಟಮರ್‌ನ ನೋಡ್ತಿಲ್ಲ ಅಂತಾರೆ ಆಂಟಿ. ಕೊಡೋ ಅಜ್ಜಿ ನೋಡ್ತಾರಂತೆ,” ಎಂದಳು ಮೇಘನಾ. ಅವಳು ವಾದ ಮಾಡಿದಳಂತೆ, ಒಂದಲ್ಲ, ಎರಡು ಮೀಟಿಂಗಿನಲ್ಲಿ. ಕೊನೆಗೆ ಅವಳ ಆಫೀಸಿನವರು ಆ ಕೆಲಸವನ್ನು ಬೇರೆಯವರಿಗೆ ಕೊಟ್ಟು ಇವಳನ್ನು ಬಿಸ್ಕತ್ತಿನ ಜಾಹೀರಾತಿಗೆ ಹಾಕಿದರು. ಸುದ್ದಿ ತಿಳಿಸಲು ಹೋದಾಗ ಅಕ್ಕ, “ಪಾಪ, ನನ್ನಿಂದ ನಿನಗೆ ತೊಂದರೆ ಆಯ್ತೇನಮ್ಮ?” ಎಂದು ಅವಳ ಕೈ ಹಿಡಿದುಕೊಂಡಳು. “ಇಲ್ಲ ಅಜ್ಜಿ. ಬಿಸ್ಕತ್ತಲ್ಲಿ ಅಜ್ಜಿಯರನ್ನ ಕೇಳಲ್ಲ,” ಎಂದು ಮೇಘನಾ ನಕ್ಕಳು. ಆ ನಗು ಪೂರ್ತಿ ಆಗಲಿಲ್ಲ.

ನಾನು ಬಹಳ ದಿನ ಆ ಕಂಪನಿಯನ್ನು ಮನಸ್ಸಿನಲ್ಲೇ ಬೈದೆ. ಬೈದು ಬೈದು ಒಂದು ಕಡೆ ನಿಲ್ಲಬೇಕಾಯಿತು. ಅವರು ಎಲ್ಲಿಂದಲೋ ಬಂದವರು. ಇಲ್ಲಿನ ಜನಕ್ಕೆ ಏನು ಕಂಡರೆ ಮನಸ್ಸು ತುಂಬುತ್ತದೆ ಎಂದು ವಿಚಾರಿಸಿ ತಿಳಿದುಕೊಂಡರು. ನಾವು ಕೊಟ್ಟ ಉತ್ತರವನ್ನೇ ಗೋಡೆಗೆ ಹಾಕಿದರು. ಮನೆ ಕಾಫಿ ಎಂದ ಕೂಡಲೇ ನನ್ನ ಕಣ್ಣಿಗೂ ಬರುವುದು ಚಾಚಿದ ಕೈ. ಕೊಟ್ಟ ಮೇಲೆ ಆ ಕೈ ಎಲ್ಲಿ ಹೋಯಿತು, ಏನು ಮಾಡಿತು ಎಂದು ನೆನಪು ಹಿಂಬಾಲಿಸಿ ಹೋಗುವುದಿಲ್ಲ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದು ನನಗೆ ಸುಲಭ. ಇಡೀ ತರಗತಿ ಒಂದೇ ತಪ್ಪು ಬರೆದಿದ್ದರೆ, ಅದರಲ್ಲಿ ನನ್ನದೂ ಒಂದು ಪೇಪರಿದ್ದರೆ, ಆಗ ಏನು ಮಾಡಬೇಕೋ ತಿಳಿಯದು.

ಅಂಗಡಿ ತೆರೆದ ಸುದ್ದಿ ಕೇಳಿ ಅಕ್ಕನೇ, “ಒಂದ್ಸಲ ನೋಡ್ಕೊಂಡ್ ಬರೋಣ ಬಾ,” ಎಂದಳು. ಆಟೋದಲ್ಲಿ ಹೋದೆವು. ಬೆಳಗಿನ ಜನ ಕರಗಿದ್ದ ಹೊತ್ತು. ಅಕ್ಕನನ್ನು ಕಿಟಕಿ ಪಕ್ಕದ ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿ, ನಾನು ಕೌಂಟರಿಗೆ ಹೋಗಿ ಎರಡು ಫಿಲ್ಟರ್ ಕಾಫಿ ತಂದೆ. ಬೈ-ಟೂ ಕೇಳುವ ಧೈರ್ಯ ಬರಲಿಲ್ಲ.

ಅವಳು ಕುರ್ಚಿಯ ಅಂಚಿನಲ್ಲಿ ಕೂತಿದ್ದಳು. ಒಳಗೆಲ್ಲೋ ಪಾತ್ರೆ ಸದ್ದಾದಾಗ ಅರ್ಧ ಎದ್ದಳು. ಪಕ್ಕದ ಮೇಜಿನ ಹುಡುಗ ತಲೆಯೆತ್ತಿ ನೋಡಿ, ಮತ್ತೆ ತನ್ನ ಲ್ಯಾಪ್‌ಟಾಪಿಗೆ ಬಗ್ಗಿದ. ಯಾರೂ ಅವಳನ್ನು ಕರೆದಿರಲಿಲ್ಲ. ಮತ್ತೆ ಕೂತಳು. ಒಂದು ಗುಟುಕು ಕುಡಿದು, “ಚಿಕೋರಿ ಸ್ವಲ್ಪ ಜಾಸ್ತಿ. ಪರವಾಗಿಲ್ಲ,” ಎಂದಳು. ಮೂರನೆಯದೋ ನಾಲ್ಕನೆಯದೋ ಗುಟುಕಿನ ಹೊತ್ತಿಗೆ ಅವಳ ಬೆನ್ನು ಕುರ್ಚಿಗೆ ತಾಗಿತು.

ಎದುರಿನ ಗೋಡೆಯ ತುಂಬ ಒಬ್ಬ ಅಜ್ಜಿ ಇದ್ದಳು. ಎಲ್ಲಿಂದ ಕರೆತಂದರೋ ಗೊತ್ತಿಲ್ಲ. ಅಕ್ಕನ ವಯಸ್ಸಿನವಳೇ, ಬಿಳಿ ಕೂದಲು, ಮೂಗುಬಟ್ಟು, ಹಬೆಯಾಡುವ ಲೋಟವನ್ನು ನಮ್ಮ ಕಡೆ ಚಾಚಿ ನಗುತ್ತಿದ್ದಳು. ಇಬ್ಬರು ಹುಡುಗಿಯರು ಅವಳ ಕೈಯ ಕೆಳಗೆ ನಿಂತು, ಲೋಟ ತೆಗೆದುಕೊಳ್ಳುವಂತೆ ನಟಿಸಿ ಸೆಲ್ಫಿ ತೆಗೆದುಕೊಂಡು ಹೋದರು. ಅಕ್ಕ ಏನನ್ನುತ್ತಾಳೋ ಎಂದು ನಾನು ಅವಳ ಕಡೆ ತಿರುಗಿದೆ. ಅವಳು ಆ ಮುಖವನ್ನು, ಆಮೇಲೆ ಆ ಕೈಯನ್ನು, ಕಣ್ಣು ಕಿರಿದು ಮಾಡಿ ನೋಡಿದಳು.

“ಪಾಪ, ಎಷ್ಟೊತ್ತಿಂದ ಹಿಡ್ಕೊಂಡು ನಿಂತಿದಾಳೋ,” ಎಂದಳು. “ಪದ್ದು, ಇವಳದ್ದು ಕಾಫಿ ಆಯ್ತಾ ಅಂತ ಯಾರಾದ್ರೂ ಕೇಳಿದ್ರಂತಾ?”